ಬೀಳಗಿಯಿಂದ ಮುಂಬಯಿಗೆ: ಅಮೀರಬಾಯಿ ಕರ್ನಾಟಕಿ ಅವರ ಬದುಕು ಮತ್ತು ಕಲಾಜೀವನ

ಕನ್ನಡ ವಾಕ್ಚಿತ್ರದ ಇತಿಹಾಸವನ್ನು 1934ರಲ್ಲಿ ತೆರೆಕಂಡ 'ಸತಿ ಸುಲೋಚನಾ' ಚಿತ್ರದಿಂದ ಆರಂಭಿಸುವುದು ವಾಡಿಕೆ. ಆ ಚಿತ್ರದ ಬಹುಭಾಗ ತಯಾರಾದದ್ದು ಕರ್ನಾಟಕದ ಆಚೆಗಿನ ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ ಎಂಬುದನ್ನು ಚರಿತ್ರಕಾರರು ತಪ್ಪದೆ ದಾಖಲಿಸುತ್ತಾರೆ. ಆದರೆ ಅದೇ 1934ರಲ್ಲಿ ಬೀಳಗಿಯ ಒಬ್ಬ ಗಾಯಕಿ ಮುಂಬಯಿಯಲ್ಲಿ 'ವಿಷ್ಣುಭಕ್ತಿ' ಎಂಬ ಹಿಂದಿ ಚಿತ್ರದ ಮೂಲಕ ಬೆಳ್ಳಿತೆರೆಗೆ ಕಾಲಿಟ್ಟರೆಂಬ ಸಂಗತಿಗೆ ಈ ಇತಿಹಾಸಗಳಲ್ಲಿ ಬಹುಕಾಲ ಎಡೆ ದೊರೆಯಲಿಲ್ಲ. ಚಿತ್ರದ ಭಾಷೆಯನ್ನೇ ಅಳತೆಗೋಲಾಗಿಸಿಕೊಂಡ ಚರಿತ್ರೆ, ಆ ಭಾಷೆಯ ನೆಲದಿಂದ ಹೊರಟು ಬೇರೆ ಭಾಷೆಯಲ್ಲಿ ದುಡಿದವರನ್ನು ತನ್ನವರೆಂದು ಕರೆಯಲು ಹಿಂಜರಿಯುತ್ತದೆ. ಹಿಂದಿ ಚಿತ್ರಗೀತೆಯ ಇತಿಹಾಸಕಾರರಿಗೋ ಅವರು ಲತಾ ಮಂಗೇಶಕರ್ ಪೂರ್ವಯುಗದ ಹಲವು ಗಾಯಕಿಯರಲ್ಲಿ ಒಬ್ಬರು ಮಾತ್ರ. ಹೀಗೆ ಎರಡೂ ಕಡೆ ಅಂಚಿಗೆ ಸರಿದ ಅಮೀರಬಾಯಿ ಕರ್ನಾಟಕಿ ಅವರ ಬದುಕನ್ನು ಕನ್ನಡದ ಸಂದರ್ಭದಲ್ಲಿಟ್ಟು ನೋಡುವ ಗಂಭೀರ ಪ್ರಯತ್ನ ರಹಮತ್ ತರೀಕೆರೆಯವರ ಅಧ್ಯಯನದಿಂದ ನಡೆಯಿತು.

ಅಮೀರಬಾಯಿಯವರ ಕಂಠವನ್ನು ರೂಪಿಸಿದ ಸೀಮೆಯನ್ನು ಮೊದಲು ಗಮನಿಸಬೇಕು. ಬೆಳಗಾವಿ ಮತ್ತು ಅವಿಭಜಿತ ವಿಜಾಪುರ ಜಿಲ್ಲೆಗಳು ಹಾಡಿನ ಆಟಗಳ ನಾಡು. ಅಪರಾಳ ತಮ್ಮಣ್ಣನ ಹೆಸರಿನಲ್ಲಿ ಬಂದ 'ಶ್ರೀಕೃಷ್ಣ ಪಾರಿಜಾತ'ವನ್ನು ರಂಗಕ್ಕೆ ಒಗ್ಗಿಸಿ ಜನಪ್ರಿಯಗೊಳಿಸಿದವನು ಕುಲಗೋಡ ತಮ್ಮಣ್ಣನೆಂಬುದು ಪ್ರಸಿದ್ಧ. ಕುಲಗೋಡದ ಈ ಆಟ ಗೋಕಾಕ ಸೀಮೆಯಲ್ಲಿ ನಿಲ್ಲದೆ ಲೋಕಾಪುರ, ಮುಧೋಳ, ಬಾಗಲಕೋಟೆಗಳ ಕಡೆಗೂ ಹಬ್ಬಿತು. ಒಂದು ಹೂವಿಗಾಗಿ ಮುನಿದ ಸತ್ಯಭಾಮೆಯ ಕಥೆಯಲ್ಲಿ ಸಂಗೀತವೇ ಪ್ರಧಾನ. ಹಾಡಲಾರದವರಿಗೆ ಅಲ್ಲಿ ಪಾತ್ರವಿಲ್ಲ. ಗಂಡಸರೇ ಸ್ತ್ರೀಪಾತ್ರ ವಹಿಸುತ್ತಿದ್ದ ಕಾಲದಲ್ಲಿ ಪಾರಿಜಾತದ ರಂಗವನ್ನೇರಿ ಹೆಸರಾದವರು ಕೌಜಲಗಿ ನಿಂಗಮ್ಮ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗೋಕಾಕದ ಬಳಿಯ ಕೊಣ್ಣೂರಿನ ಹೆಸರು ಹೊತ್ತ, ಶಿವಮೂರ್ತಿಸ್ವಾಮಿ ಕಣಬರ್ಗಿಮಠರ ವೃತ್ತಿನಾಟಕ ಕಂಪನಿಯು ಗುಳೇದಗುಡ್ಡದ ಯಲ್ಲೂಬಾಯಿಯಂಥ ನಟಿಯರಿಗೆ ಅವಕಾಶ ನೀಡಿತು. ಹೆಣ್ಣು ರಂಗದ ಮೇಲೆ ನಿಂತು ಹಾಡುವುದು ಈ ಭಾಗಕ್ಕೆ ಅಪರಿಚಿತವಾಗಿರಲಿಲ್ಲ. ಆದರೆ ಹಾಗೆ ಹಾಡಿದವಳಿಗೆ ಊರಿನ ಸಂಭಾವಿತ ಮನೆಗಳಲ್ಲಿ ಗೌರವದ ಸ್ಥಾನವೂ ಇರಲಿಲ್ಲ. ಮೆಚ್ಚುಗೆ ಮತ್ತು ಅವಮಾನಗಳು ಒಂದೇ ಕೈಯಿಂದ ಬರುತ್ತಿದ್ದ ಇಂಥ ವಾತಾವರಣದಿಂದಲೇ ಅಮೀರಬಾಯಿಯವರೂ ಅವರ ಅಕ್ಕ ಗೋಹರಬಾಯಿಯವರೂ ಬಂದರು.

ಅಮೀರಬಾಯಿಯವರ ಜನ್ಮವರ್ಷವನ್ನು ಸಾಮಾನ್ಯವಾಗಿ 1906 ಎಂದು ದಾಖಲಿಸಲಾಗುತ್ತದೆ. ಹುಟ್ಟೂರು ಅಂದಿನ ವಿಜಾಪುರ ಜಿಲ್ಲೆಯ ಬೀಳಗಿ. 1997ರ ಜಿಲ್ಲಾ ವಿಂಗಡಣೆಯ ನಂತರ ಅದು ಬಾಗಲಕೋಟೆ ಜಿಲ್ಲೆಗೆ ಸೇರಿತು. ಸಂಗೀತ ಮತ್ತು ನಾಟಕಗಳನ್ನೇ ನಚ್ಚಿದ್ದ ಬಡ ಮುಸ್ಲಿಂ ಕುಟುಂಬವದು. ಐವರು ಸಹೋದರಿಯರಲ್ಲಿ ಗೋಹರ ಮತ್ತು ಅಮೀರ ಇಬ್ಬರೂ ಮುಂದೆ ಹೆಸರು ಗಳಿಸಿದರು. ಮನೆಯಲ್ಲಿ ಕೇಳಿಬರುತ್ತಿದ್ದ ಹಾಡು, ಕನ್ನಡ ಮತ್ತು ಮರಾಠಿ ನಾಟಕ ಕಂಪನಿಗಳ ರಂಗಗೀತೆ, ಹಿಂದುಸ್ತಾನಿ ಸಂಗೀತದ ಗಾಳಿ ಇವುಗಳ ನಡುವೆ ಅವರ ಬಾಲ್ಯ ಕಳೆಯಿತು. ಮಿರಜದಲ್ಲಿ ನೆಲೆಸಿದ್ದ ಉಸ್ತಾದ್ ಅಬ್ದುಲ್ ಕರೀಂಖಾನರ ಪ್ರಭಾವದಿಂದ ಕಿರಾಣಾ ಘರಾಣೆಯ ಗಾಯನ ಧಾರವಾಡ, ಹುಬ್ಬಳ್ಳಿ, ಕುಂದಗೋಳಗಳಲ್ಲಿ ಬೇರು ಬಿಡುತ್ತಿದ್ದ ಕಾಲವದು. ಮರಾಠಿ ನಾಟ್ಯಸಂಗೀತದ ಧಾಟಿಗಳಂತೂ ಹಳ್ಳಿಯ ಸಣ್ಣಾಟದವರೆಗೂ ಇಳಿದಿದ್ದವು. ಶಾಸ್ತ್ರೀಯ, ರಂಗಸಂಗೀತ, ಜಾನಪದ ಎಂಬ ಪ್ರಭೇದಗಳು ವಿದ್ವಾಂಸರಿಗೆ ಎಷ್ಟೇ ಸ್ಪಷ್ಟವಾಗಿರಲಿ, ಅಂದಿನ ಕಲಾವಿದೆಗೆ ಇವೆಲ್ಲ ಒಂದೇ ಕಂಠದಿಂದ ಹೊಮ್ಮಬೇಕಾದ ಸಂಪತ್ತಾಗಿದ್ದವು. ಅಮೀರಬಾಯಿಯವರ ಹಾಡಿಕೆಯಲ್ಲಿ ಕಂಡುಬರುವ ಬಹುಮುಖತೆಯ ಮೂಲವನ್ನು ಇಲ್ಲಿಯೇ ಗುರುತಿಸಬಹುದು.

ಕಲಾವಿದರು ಬೆಂಗಳೂರು ಅಥವಾ ಮೈಸೂರಿಗೆ ಹೋಗದೆ ಮುಂಬಯಿಗೆ ಹೋದದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಆಡಳಿತದ ಭೂಪಟದಲ್ಲಿದೆ. ವಿಜಾಪುರ, ಬೆಳಗಾವಿ, ಧಾರವಾಡ ಜಿಲ್ಲೆಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಈ ಭಾಗದ ಜನರಿಗೆ ಮೈಸೂರು ಪರರಾಜ್ಯ, ಮುಂಬಯಿ ರಾಜಧಾನಿ. ಗದಗ–ಹೊಟಗಿ ರೈಲುದಾರಿ ಬಾಗಲಕೋಟೆ ಮತ್ತು ವಿಜಾಪುರಗಳನ್ನು ಸೊಲ್ಲಾಪುರದ ಕಡೆಗೆ ಜೋಡಿಸಿತ್ತು. ಅಲ್ಲಿಂದ ಪುಣೆ, ಮುಂಬಯಿಗಳಿಗೆ ನೇರ ಹಾದಿ. ಹತ್ತಿ, ಕೂಲಿ, ಕಲೆ ಮೂರೂ ಇದೇ ಹಳಿಯ ಮೇಲೆ ಪಶ್ಚಿಮಕ್ಕೆ ಸಾಗಿದವು. ಗ್ರಾಮಾಫೋನ್ ಕಂಪನಿಗಳು, ಸ್ಟುಡಿಯೋಗಳು, ಸಂಗೀತ ಸಭೆಗಳು ಎಲ್ಲವೂ ಆ ತುದಿಯಲ್ಲಿದ್ದವು. ಅಮೀರಬಾಯಿಯವರ ವಲಸೆಯನ್ನು ವೈಯಕ್ತಿಕ ಸಾಹಸವೆಂದು ಮಾತ್ರ ನೋಡುವುದಕ್ಕಿಂತ, ಒಂದು ಸೀಮೆಯ ಕಲಾವಿದರ ಸಾಮೂಹಿಕ ಚಲನೆಯ ಭಾಗವೆಂದು ನೋಡುವುದು ಹೆಚ್ಚು ಸಮಂಜಸ. ಹುಬ್ಬಳ್ಳಿಯ ಬಳಿಯ ಅದರಗುಂಚಿಯಿಂದ ಹೊರಟು ಪ್ರಭಾತ ಸಂಸ್ಥೆಯ 'ಮಾಣೂಸ್' (1939) ಚಿತ್ರದ ನಾಯಕಿಯಾದ ಶಾಂತಾ ಹುಬಳೀಕರ ಅವರೂ ಇದೇ ಹಾದಿಯವರು.

ಹೆಸರಿನ ವಿಚಾರವೂ ಇಲ್ಲಿ ಪ್ರಸ್ತುತ. ಹುಬಳೀಕರ, ಬಡೋದೇಕರ, ಕರ್ನಾಟಕಿ ಮುಂತಾದ ಊರು–ನಾಡಿನ ಹೆಸರುಗಳು ಆ ಕಾಲದ ಗಾಯಕಿಯರಿಗೆ ಅಡ್ಡಹೆಸರಾಗಿ ನಿಂತವು. ತಂದೆಯ ಅಥವಾ ಗಂಡನ ಕುಲನಾಮವನ್ನು ಹೊರಲು ಸಮಾಜ ಅವಕಾಶ ಕೊಡದ ಹೆಣ್ಣಿಗೆ ನೆಲದ ಹೆಸರು ಆಸರೆಯಾಯಿತು. ಕರ್ನಾಟಕ ಎಂಬ ರಾಜ್ಯವೇ ಇಲ್ಲದಿದ್ದಾಗ, ಏಕೀಕರಣದ ಕೂಗು ಸಭೆ ಸಮ್ಮೇಳನಗಳ ನಿರ್ಣಯವಾಗಿದ್ದಾಗ, ಬೀಳಗಿಯ ಈ ಸಹೋದರಿಯರು ನಾಡಿನ ಹೆಸರನ್ನು ಹೊರನಾಡಿನ ಜಾಹೀರಾತು ಫಲಕಗಳ ಮೇಲೆ ತಮ್ಮ ಹೆಸರಿನೊಂದಿಗೆ ಬರೆಯಿಸಿದರು. ಇದರಲ್ಲಿ ನಾಡಾಭಿಮಾನದ ಘೋಷಣೆಯನ್ನು ಹುಡುಕುವುದು ಅತಿಯಾದೀತು. ಆದರೂ ಸಿನಿಮಾ ಲೋಕದಲ್ಲಿ ಆ ಪದವನ್ನು ಅಷ್ಟು ವ್ಯಾಪಕವಾಗಿ ಪರಿಚಯಿಸಿದವರು ಬೇರೆ ಯಾರೂ ಇರಲಿಲ್ಲವೆಂಬುದು ಸತ್ಯ.

ಅಕ್ಕ ಗೋಹರಬಾಯಿ ಮೊದಲೇ ಚಿತ್ರರಂಗ ಸೇರಿದ್ದರು. ಅವರನ್ನು ಬೇರೆ ಇಬ್ಬರು ಗೋಹರರೊಂದಿಗೆ ಗೊಂದಲಗೊಳಿಸುವ ಬರಹಗಳು ಇರುವುದರಿಂದ ಒಂದು ಸ್ಪಷ್ಟೀಕರಣ ಅಗತ್ಯ. ಗ್ರಾಮಾಫೋನ್ ಯುಗದ ಆರಂಭದಲ್ಲಿ ಖ್ಯಾತರಾಗಿ, ಕೊನೆಗೆ ಮೈಸೂರು ಅರಮನೆಯ ಆಶ್ರಯದಲ್ಲಿದ್ದು 1930ರಲ್ಲಿ ತೀರಿಕೊಂಡವರು ಕಲಕತ್ತೆಯ ಗೋಹರ್ ಜಾನ್. ಚಂದೂಲಾಲ್ ಶಾಹರೊಂದಿಗೆ ರಣಜಿತ್ ಸಂಸ್ಥೆಯನ್ನು ಕಟ್ಟಿದವರು ಮಿಸ್ ಗೋಹರ್. ಬೀಳಗಿಯ ಗೋಹರಬಾಯಿ ಇವರಿಬ್ಬರಿಗಿಂತ ಬೇರೆ. ಅವರ ನೆರವಿನಿಂದ ಅಮೀರಬಾಯಿಯವರಿಗೆ 'ವಿಷ್ಣುಭಕ್ತಿ'ಯಲ್ಲಿ ಪಾತ್ರ ದೊರೆಯಿತು. 1931ರಲ್ಲಿ 'ಆಲಂ ಆರಾ' ಬಂದ ನಂತರ ಸ್ಟುಡಿಯೋಗಳಿಗೆ ಮುಖದಷ್ಟೇ ಕಂಠವೂ ಬೇಕಾಗಿತ್ತು. ಮೂಕಿಚಿತ್ರಗಳಲ್ಲಿ ಮೆರೆದ ಹಲವರು ಹಿಂದೆ ಸರಿದಾಗ, ರಂಗಭೂಮಿ ಮತ್ತು ಮೆಹಫಿಲುಗಳಿಂದ ಬಂದ ಗಾಯಕಿ–ನಟಿಯರು ಆ ಜಾಗವನ್ನು ತುಂಬಿದರು. ಮೈಕ್ರೋಫೋನಿನ ಮುಂದೆ ನಟಿಸುತ್ತಲೇ ಹಾಡಬೇಕಾದ ಆ ದಿನಗಳ ಕೆಲಸ ನಾಟಕದ ಹಿನ್ನೆಲೆಯವರಿಗೆ ಸುಲಭವಾಗಿ ಕೈಗೂಡಿತು.

ಅವಕಾಶ ದೊರೆತರೂ ಕೀರ್ತಿ ಬೇಗ ಒಲಿಯಲಿಲ್ಲ. 1934ರಿಂದ ಸುಮಾರು ಒಂಬತ್ತು ವರ್ಷ ಅಮೀರಬಾಯಿ ಒಂದರ ಹಿಂದೊಂದು ಚಿತ್ರಗಳಲ್ಲಿ ನಟಿಸಿದರು, ಹಾಡಿದರು. ಅವುಗಳಲ್ಲಿ ಹೆಚ್ಚಿನವು ಇಂದು ಹೆಸರಿನಲ್ಲಿ ಮಾತ್ರ ಉಳಿದಿವೆ. ಈ ಅವಧಿಯಲ್ಲಿ ವಿಶೇಷವಾಗಿ ಉಲ್ಲೇಖಿಸಬೇಕಾದದ್ದು ವಿಜಯ್ ಭಟ್ ನಿರ್ದೇಶನದ 'ನರಸಿ ಭಗತ್' (1940). 'ಸಂತ ತುಕಾರಾಂ' ಖ್ಯಾತಿಯ ವಿಷ್ಣುಪಂತ ಪಾಗನೀಸ ನರಸಿಂಹ ಮೆಹತಾನ ಪಾತ್ರ ವಹಿಸಿದ್ದರು. ದುರ್ಗಾ ಖೋಟೆ, ಅಮೀರಬಾಯಿ ಇದ್ದರು. ಸಂಗೀತ ಶಂಕರರಾವ್ ವ್ಯಾಸರದು. ಗಾಂಧೀಜಿಯವರ ಪ್ರಾರ್ಥನಾ ಸಭೆಗಳಿಂದ ದೇಶಕ್ಕೆಲ್ಲ ಪರಿಚಿತವಾಗಿದ್ದ ನರಸಿಂಹ ಮೆಹತಾನ ವೈಷ್ಣವ ಭಜನೆಯನ್ನು ಈ ಚಿತ್ರದಲ್ಲಿ ಪಾಗನೀಸರೊಂದಿಗೆ ಅವರೂ ಹಾಡಿದರು. ಅಮೀರಬಾಯಿಯವರ ದನಿಯಲ್ಲಿ ಆ ಭಜನೆ ಗಾಂಧೀಜಿಗೆ ಪ್ರಿಯವಾಗಿತ್ತೆಂಬ ಮಾತು ಬಹುಕಾಲದಿಂದ ಪ್ರಚಲಿತವಾಗಿದೆ. ಹದಿನೈದನೆಯ ಶತಮಾನದ ಗುಜರಾತಿ ವೈಷ್ಣವ ಸಂತನೊಬ್ಬನ ಪದವು ಬೀಳಗಿಯ ಮುಸ್ಲಿಂ ಹೆಣ್ಣುಮಗಳ ಕಂಠದಲ್ಲಿ ನೆಲೆಗೊಂಡದ್ದು ಅಂದಿನ ಸಂಗೀತ ಲೋಕಕ್ಕೆ ಅಚ್ಚರಿಯ ವಿಷಯವೇ ಆಗಿರಲಿಲ್ಲ. ಮೊಹರಂ ಪದ ಮತ್ತು ದಾಸರ ಪದಗಳೆರಡನ್ನೂ ಒಂದೇ ಕಟ್ಟೆಯ ಮೇಲೆ ಕೂತು ಹಾಡುವ ಸೀಮೆಯವರಿಗೆ ಅದು ಸಹಜ.

ಅವರ ಬದುಕಿನ ತಿರುವು 1943ರ 'ಕಿಸ್ಮತ್'. ಬಾಂಬೆ ಟಾಕೀಸ್ ತಯಾರಿಕೆಯ, ಜ್ಞಾನ ಮುಖರ್ಜಿ ನಿರ್ದೇಶನದ ಈ ಚಿತ್ರದಲ್ಲಿ ಅಶೋಕಕುಮಾರ ಮತ್ತು ಮುಮ್ತಾಜ್ ಶಾಂತಿ ಮುಖ್ಯಪಾತ್ರಗಳಲ್ಲಿದ್ದರು. ಕಲಕತ್ತೆಯ ರಾಕ್ಸಿ ಚಿತ್ರಮಂದಿರವೊಂದರಲ್ಲಿಯೇ ಮೂರು ವರ್ಷಕ್ಕೂ ಮಿಕ್ಕಿ ಓಡಿದ ಈ ಚಿತ್ರ ಅನೇಕ ವರ್ಷ ಮುರಿಯದ ದಾಖಲೆಯನ್ನು ಸ್ಥಾಪಿಸಿತು. ಸಂಗೀತ ನಿರ್ದೇಶಕ ಅನಿಲ್ ಬಿಸ್ವಾಸ್ ನಾಯಕಿಯ ಹಾಡುಗಳಿಗೆ ಅಮೀರಬಾಯಿಯವರ ಕಂಠವನ್ನು ಆರಿಸಿಕೊಂಡರು. ಅಷ್ಟರಲ್ಲಿ ಹಿನ್ನೆಲೆ ಗಾಯನ ರೂಢಿಗೆ ಬಂದಿತ್ತು. ನಟಿಯೊಬ್ಬಳು ಮತ್ತೊಬ್ಬ ನಟಿಗೆ ದನಿ ಕೊಡುವುದು ಸಾಧ್ಯವಾಗಿತ್ತು. ಒಂಬತ್ತು ವರ್ಷ ತೆರೆಯ ಮೇಲೆ ಕಾಣಿಸಿಕೊಂಡರೂ ದೊರೆಯದ ಹೆಸರು ತೆರೆಯ ಹಿಂದೆ ನಿಂತಾಗ ದೊರೆಯಿತು ಎಂಬುದು ಅವರ ಕಲಾಜೀವನದ ದೊಡ್ಡ ವಿಪರ್ಯಾಸ.

'ಕಿಸ್ಮತ್'ನ ಕಥೆಯಲ್ಲಿ ರಾಣಿ ಎಂಬ ನಾಯಕಿ ಕುಂಟಿ. ನಾಟಕಶಾಲೆಯ ಒಡೆಯನಾಗಿದ್ದ ತಂದೆ ಅತಿಯಾಗಿ ಕುಣಿಸಿದ್ದರಿಂದ ಬಾಲ್ಯದಲ್ಲಿಯೇ ಅವಳ ಕಾಲು ಸೋತಿದೆ; ತಂದೆ ಊರು ಬಿಟ್ಟಿದ್ದಾನೆ; ಅದೇ ರಂಗದ ಮೇಲೆ ಹಾಡಿ ಅವಳು ಹೊಟ್ಟೆ ಹೊರೆಯಬೇಕು. ಮನೆಯವರ ಜೀವನೋಪಾಯವನ್ನು ತನ್ನ ಕಲೆಯಿಂದ ಹೊರಬೇಕಾದ ಹೆಣ್ಣಿನ ಈ ಪಾತ್ರಕ್ಕೆ ದನಿಯಾಗುವಾಗ ಅಮೀರಬಾಯಿ ಹೊರಗಿನವರಾಗಿ ಹಾಡಲಿಲ್ಲವೆಂದು ಕೇಳುಗರಿಗೆ ಅನ್ನಿಸಿದರೆ ಅದು ಅಸಹಜವಲ್ಲ. ಕೃಷ್ಣನಿಗೆ ಮೊರೆಯಿಡುವ ಭಜನೆಯಲ್ಲಿ ದೂರಿನ ದನಿಯೂ ಬೆರೆತಿದೆ. ಭಾಮೆಯ ಆಟ ಕೇಳಿ ಬೆಳೆದ ಕಿವಿಗೆ ದೇವರೊಂದಿಗಿನ ಈ ಸಲುಗೆ ಹೊಸದಲ್ಲ. ಊರೆಲ್ಲ ದೀಪಾವಳಿಯ ಬೆಳಕಿನಲ್ಲಿರುವಾಗ ತನ್ನ ಮನೆಯ ಕತ್ತಲನ್ನು ನೆನೆಯುವ ಹಾಡಿನಲ್ಲಿ ಸ್ವರವನ್ನು ಎತ್ತರಕ್ಕೆ ಒಯ್ದು ಅಳುವಿನ ಅಂಚಿನಲ್ಲಿ ತಡೆದು ನಿಲ್ಲಿಸುವ ಕ್ರಮವಿದೆ. ಲಾಲಿಯ ಧಾಟಿಯ ಮತ್ತೊಂದು ಗೀತೆಯಲ್ಲಿ, ರಂಗದ ಕೊನೆಯ ಸಾಲಿಗೂ ಮುಟ್ಟುವಂತೆ ಹಾಡಿ ಪಳಗಿದ ಕಂಠ ಮೈಕ್ರೋಫೋನಿನ ಹತ್ತಿರಕ್ಕೆ ಬಂದು ಪಿಸುದನಿಗೆ ಇಳಿಯುತ್ತದೆ. ನಾಟ್ಯಸಂಗೀತದಿಂದ ಚಿತ್ರಗೀತೆಗೆ ನಡೆದ ಸ್ಥಿತ್ಯಂತರವನ್ನು ಅಭ್ಯಸಿಸುವವರಿಗೆ ಈ ಒಂದು ಗೀತೆಯಲ್ಲಿಯೇ ಸಾಕಷ್ಟು ಸಾಮಗ್ರಿಯಿದೆ.

ಇದೇ ಚಿತ್ರದ ಇನ್ನೊಂದು ಹಾಡಿಗೆ ರಾಜಕೀಯ ಇತಿಹಾಸದಲ್ಲಿಯೂ ಸ್ಥಾನವಿದೆ. 1942ರ ಚಲೇಜಾವ್ ಚಳವಳಿಯ ಬಿಸಿ ಆರಿರಲಿಲ್ಲ, ನಾಯಕರು ಸೆರೆಮನೆಯಲ್ಲಿದ್ದರು. ಕವಿ ಪ್ರದೀಪರು ಪರಕೀಯರು ದೂರ ಸರಿಯಬೇಕೆಂಬ ಅರ್ಥದ ಗೀತೆಯನ್ನು ಬರೆದು, ಯುದ್ಧದಲ್ಲಿ ಬ್ರಿಟಿಷರ ಶತ್ರುಗಳಾಗಿದ್ದ ಜರ್ಮನಿ ಮತ್ತು ಜಪಾನುಗಳ ಹೆಸರು ಸೇರಿಸಿ ಸೆನ್ಸಾರ್ ಮಂಡಳಿಯ ಕಣ್ಣು ತಪ್ಪಿಸಿದರು. ಚಿತ್ರಮಂದಿರಗಳಲ್ಲಿ ಜನ ಆ ಹಾಡನ್ನು ಮತ್ತೆ ಮತ್ತೆ ಹಾಕಿಸಿ ಕೇಳಿದರು. ಅರ್ಥ ಸರಕಾರಕ್ಕೆ ತಡವಾಗಿ ಹೊಳೆದಾಗ ಪ್ರದೀಪರು ಕೆಲಕಾಲ ತಲೆಮರೆಸಿಕೊಳ್ಳಬೇಕಾಯಿತು. ಮೇಳದೊಂದಿಗೆ ಆ ಗೀತೆಯನ್ನು ಹಾಡಿದವರು ಅಮೀರಬಾಯಿ ಮತ್ತು ಖಾನ್ ಮಸ್ತಾನಾ. ಸ್ವಾತಂತ್ರ್ಯ ಹೋರಾಟದಲ್ಲಿ ಕರ್ನಾಟಕದ ಮಹಿಳೆಯರ ಪಾತ್ರವನ್ನು ವಿವರಿಸುವ ಗ್ರಂಥಗಳಲ್ಲಿ ಸಭೆ, ಪಿಕೆಟಿಂಗ್, ಸೆರೆವಾಸಗಳ ವಿವರ ಯಥೋಚಿತವಾಗಿ ಬರುತ್ತದೆ. ದೇಶದ ಚಿತ್ರಮಂದಿರಗಳನ್ನೇ ಸಭೆಯಾಗಿಸಿದ ಈ ದನಿ ಬರುವುದಿಲ್ಲ. ಸಿನಿಮಾ ಹಾಡು ಮತ್ತು ಹಾಡುವ ಹೆಣ್ಣು ಎರಡನ್ನೂ ಹಗುರವಾಗಿ ಕಂಡ ವಿದ್ವತ್ತಿನ ಮಿತಿ ಇದು.

ಮುಂದಿನ ನಾಲ್ಕೈದು ವರ್ಷಗಳು ಅಮೀರಬಾಯಿಯವರ ಉಚ್ಛ್ರಾಯದ ಕಾಲ. 1944ರ 'ಭರ್ತೃಹರಿ'ಯಲ್ಲಿ ಖೇಮಚಂದ ಪ್ರಕಾಶರ ಸಂಯೋಜನೆಯಲ್ಲಿ ಚಂದ್ರನನ್ನು ಸಂಬೋಧಿಸಿ ಹಾಡಿದ ವಿರಹಗೀತೆ, ಅದೇ ವರ್ಷ ನೌಶಾದರ ಹೆಸರನ್ನು ಮನೆಮನೆಗೆ ಒಯ್ದ 'ರತನ್' ಚಿತ್ರದಲ್ಲಿ ಅಗಲಿಕೆಯನ್ನು ಕುರಿತ ಹಾಡು, 1947ರ 'ಸಿಂಧೂರ' ಮತ್ತು 'ಶೆಹನಾಯಿ' ಚಿತ್ರಗಳ ಗೀತೆಗಳು ಜನಪ್ರಿಯವಾದವು. 'ರತನ್'ನಲ್ಲಿ ಬಹುಪಾಲು ಹಾಡುಗಳನ್ನು ಹಾಡಿದವರು ಜೊಹ್ರಾಬಾಯಿ ಅಂಬಾಲೆವಾಲಿ. ಜೊಹ್ರಾಬಾಯಿಯವರದು ಗಟ್ಟಿಯಾದ, ಬಿಡುಗಂಠದ ದನಿ. ಶಂಶಾದ್ ಬೇಗಂ ಅವರದು ಗಂಟೆಯ ನಾದದಂಥ ತೀಕ್ಷ್ಣತೆ. ಅಮೀರಬಾಯಿಯವರದು ಇವೆರಡಕ್ಕಿಂತ ಮೃದುವಾದ, ತುಸು ಕಂಪಿಸುವ, ಸಣ್ಣ ಮುರ್ಕಿಗಳಲ್ಲಿ ನಾಟ್ಯಸಂಗೀತದ ಗುರುತನ್ನು ಉಳಿಸಿಕೊಂಡ ಕಂಠ. 1946ರ 'ರಾಣಕದೇವಿ' ಎಂಬ ಗುಜರಾತಿ ಚಿತ್ರಕ್ಕೆ ಅವರು ಹಾಡಿದ, ಪ್ರಿಯನನ್ನು ತನ್ನ ಹಳ್ಳಿಗೆ ಕರೆಯುವ ಗೀತೆ ಆ ನಾಡಿನಲ್ಲಿ ತಲೆಮಾರುಗಳ ಕಾಲ ಉಳಿಯಿತು. ಗುಜರಾತಿಯನ್ನು ಅವರು ಆ ಭಾಷೆಯವರೇ ಎಂಬಷ್ಟು ಚೆನ್ನಾಗಿ ಉಚ್ಚರಿಸುತ್ತಿದ್ದರು. ಕನ್ನಡ, ಉರ್ದು, ಮರಾಠಿಗಳು ಒಂದೇ ಬೀದಿಯಲ್ಲಿ ಕೇಳಿಬರುವ ವಿಜಾಪುರ ಸೀಮೆಯಲ್ಲಿ ಬೆಳೆದವರಿಗೆ ಮತ್ತೊಂದು ಭಾಷೆ ಭಾರವಾಗದು.

'ಫಿಲ್ಮ್ ಇಂಡಿಯಾ' ಪತ್ರಿಕೆಯ ಸಂಪಾದಕ ಬಾಬುರಾವ್ ಪಟೇಲರು ಯಾರನ್ನೂ ಸುಲಭವಾಗಿ ಹೊಗಳದವರೆಂದು ಹೆಸರಾಗಿದ್ದರು. ಅವರು ಅಮೀರಬಾಯಿಯವರನ್ನು ಕನ್ನಡ ಕೋಗಿಲೆ ಎಂದು ಕರೆದರು. ಉಳಿದ ಗಾಯಕಿಯರಿಗೆ ಹಾಡೊಂದಕ್ಕೆ ಸುಮಾರು 500 ರೂಪಾಯಿ ಸಂಭಾವನೆ ಇದ್ದಾಗ ಅಮೀರಬಾಯಿ 1000 ರೂಪಾಯಿ ಪಡೆಯುತ್ತಿದ್ದರೆಂದು ಅವರನ್ನು ಕುರಿತ ಬರಹಗಳು ಹೇಳುತ್ತವೆ. ಹಣ ಬಂದರೂ ಹೆಸರು ಎಲ್ಲ ಕಡೆ ಬರಲಿಲ್ಲ. ಅಂದಿನ ಎಷ್ಟೋ ಗ್ರಾಮಾಫೋನ್ ತಟ್ಟೆಗಳ ಮೇಲೆ ಹಾಡಿದವರ ಹೆಸರಿನ ಬದಲು ಚಿತ್ರದ ಪಾತ್ರದ ಹೆಸರನ್ನು ಅಚ್ಚು ಹಾಕಲಾಗುತ್ತಿತ್ತು. 1949ರ 'ಮಹಲ್' ಚಿತ್ರದ ತಟ್ಟೆಯ ಮೇಲೂ ಲತಾ ಅವರ ಹೆಸರಿನ ಜಾಗದಲ್ಲಿ ಕಾಮಿನಿ ಎಂದೇ ಇತ್ತು. ಗಾಯಕಿಯ ಹೆಸರು ಹಕ್ಕಿನ ಪ್ರಶ್ನೆಯಾಗಿ ಎದ್ದು ನಿಂತದ್ದು ಆ ಬಳಿಕ. ಅಮೀರಬಾಯಿಯವರ ಉಚ್ಛ್ರಾಯ ಅಷ್ಟರಲ್ಲಿ ಮುಗಿದಿತ್ತು.

ಕಂಠಕ್ಕೆ ಸಂದ ಗೌರವ ಮನೆಯೊಳಗೆ ಸಿಗಲಿಲ್ಲ. ಖಳಪಾತ್ರಗಳಿಂದ ಹೆಸರಾಗಿದ್ದ ನಟ ಹಿಮಾಲಯವಾಲಾ (ಅಫ್ಜಲ್ ಖುರೇಶಿ) ಅವರೊಂದಿಗೆ ನಡೆದ ಮೊದಲ ಮದುವೆ ದುಃಖಕರವಾಗಿ ಪರಿಣಮಿಸಿತು. ಪತ್ನಿಯ ದುಡಿಮೆಯ ಹಣದ ಮೇಲೆ ಹಕ್ಕು ಚಲಾಯಿಸುವುದು, ದೈಹಿಕ ಹಿಂಸೆ ಇವು ಆ ದಾಂಪತ್ಯದ ಭಾಗವಾಗಿದ್ದವೆಂದು ಅವರ ಜೀವನವನ್ನು ಬರೆದವರು ದಾಖಲಿಸಿದ್ದಾರೆ. ದೇಶದ ಮೂಲೆಮೂಲೆಯಲ್ಲಿ ಅವರ ಹಾಡನ್ನು ಜನ ಗುನುಗುತ್ತಿದ್ದ ವರ್ಷಗಳಲ್ಲಿಯೇ ಅವರು ಈ ಸಂಬಂಧದಿಂದ ಬಿಡಿಸಿಕೊಳ್ಳಲು ಹೆಣಗುತ್ತಿದ್ದರು. ಬಿಡುಗಡೆ ದೊರೆಯಿತು, ದೇಶವಿಭಜನೆಯ ನಂತರ ಹಿಮಾಲಯವಾಲಾ ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯ ಚಿತ್ರಗಳಲ್ಲಿ ಮುಂದುವರಿದರು. ಸಿನಿಮಾ ನಟಿಯರ ಸಂಸಾರವನ್ನು ಚಪಲದ ಸುದ್ದಿಯಾಗಿ ಬರೆಯುವ ಪರಿಪಾಠ ಅಂದೂ ಇತ್ತು. ಇಲ್ಲಿ ಗಮನಿಸಬೇಕಾದದ್ದು ಬೇರೆ: ಕಲಾವಿದೆಯ ಗಳಿಕೆ ಯಾರದು ಎಂಬ ಪ್ರಶ್ನೆ ವೃತ್ತಿರಂಗಭೂಮಿಯಿಂದ ಸ್ಟುಡಿಯೋವರೆಗೆ ಬದಲಾಗಲೇ ಇಲ್ಲ. ನಾಟಕ ಕಂಪನಿಯ ಮಾಲೀಕ, ಮನೆಯ ಹಿರಿಯ, ಗಂಡ ಹೀಗೆ ಕೈಗಳು ಮಾತ್ರ ಬದಲಾದವು. ಮುಂದೆ 'ಪಾರಸ್' ಪತ್ರಿಕೆಯ ಸಂಪಾದಕರಾಗಿದ್ದ ಬದ್ರಿ ಕಾಂಚವಾಲಾ ಅವರನ್ನು ಅಮೀರಬಾಯಿ ಮದುವೆಯಾದರು. ಈ ದಾಂಪತ್ಯ ನೆಮ್ಮದಿಯದಾಗಿತ್ತು.

1947ರಲ್ಲಿ ನೂರಜಹಾನ್‌ರಂಥ ಹಲವು ಕಲಾವಿದರು ಗಡಿ ದಾಟಿ ಹೋದರು. ಅಮೀರಬಾಯಿ ಹೋಗಲಿಲ್ಲ. ಮರುವರ್ಷ ಅವರು ಕೈಗೊಂಡ ಕೆಲಸ ಅವರ ಸಾಮರ್ಥ್ಯದ ಮತ್ತೊಂದು ಮುಖವನ್ನು ತೋರಿಸುತ್ತದೆ. 1948ರ 'ಶಹನಾಜ್' ಚಿತ್ರಕ್ಕೆ ಅವರೇ ಸಂಗೀತ ನಿರ್ದೇಶನ ಮಾಡಿದರು. ಹಿಂದಿ ಚಿತ್ರರಂಗದಲ್ಲಿ ಅದಕ್ಕೆ ಮೊದಲು ಈ ಹೊಣೆ ಹೊತ್ತ ಮಹಿಳೆಯರು ಬೆರಳೆಣಿಕೆಯವರು. ಬಾಂಬೆ ಟಾಕೀಸಿನ ಸರಸ್ವತೀದೇವಿ ಮತ್ತು 1930ರ ದಶಕದ ಜದ್ದನಬಾಯಿ ಅವರಲ್ಲಿ ಪ್ರಮುಖರು. ಹಾಡುವ ಹೆಣ್ಣನ್ನು ಒಪ್ಪಿಕೊಂಡ ಉದ್ಯಮ, ವಾದ್ಯವೃಂದದ ಮುಂದೆ ನಿಂತು ಗಂಡಸರಿಗೆ ಹೇಗೆ ನುಡಿಸಬೇಕೆಂದು ಹೇಳುವ ಹೆಣ್ಣನ್ನು ಅಷ್ಟು ಸುಲಭವಾಗಿ ಒಪ್ಪಲಿಲ್ಲ. 'ಶಹನಾಜ್' ಅವರಿಗೆ ಸಂಯೋಜಕಿಯ ಹೊಸ ಬದುಕನ್ನು ತೆರೆದುಕೊಡಲಿಲ್ಲ.

ಅಷ್ಟರಲ್ಲಿ ಕಾಲದ ಅಭಿರುಚಿಯೇ ಬದಲಾಯಿತು. 1949ರ 'ಮಹಲ್', 'ಬರಸಾತ್', 'ಅಂದಾಜ್' ಚಿತ್ರಗಳು ಲತಾ ಮಂಗೇಶಕರರ ಎಳೆಯ, ತೆಳುವಾದ, ಎತ್ತರದ ಸ್ವರವನ್ನು ನಾಯಕಿಯ ಆದರ್ಶ ದನಿಯನ್ನಾಗಿ ಪ್ರತಿಷ್ಠಾಪಿಸಿದವು. ಮೆಹಫಿಲಿನ ಮತ್ತು ನಾಟಕರಂಗದ ವಾಸನೆಯುಳ್ಳ, ಅನುಭವದ ಭಾರವಿರುವ ಹಳೆಯ ಕಂಠಗಳು ನಾಯಕಿಯ ಬಾಯಿಗೆ ಒಗ್ಗದಂತಾದವು. ಈ ಪಲ್ಲಟವನ್ನು ತಾಂತ್ರಿಕ ಸುಧಾರಣೆಯೊಂದರಿಂದಲೇ ವಿವರಿಸಲಾಗದು. ಸ್ವತಂತ್ರ ಭಾರತದ ಮಧ್ಯಮವರ್ಗ ತನ್ನ ಆದರ್ಶ ಹೆಣ್ಣಿಗೆ ಬಯಸಿದ ಮುಗ್ಧ ದನಿಗೂ ಇದಕ್ಕೂ ಸಂಬಂಧವಿದೆ. 1950ರ 'ಸಮಾಧಿ' ಚಿತ್ರದ ಒಂದು ಯುಗಳಗೀತೆಯಲ್ಲಿ ಹೊಸತು ಹಳತು ಎರಡೂ ಎದುರುಬದುರಾಗಿ ನಿಂತಿವೆ. ಸುಭಾಷರ ಆಜಾದ್ ಹಿಂದ್ ಫೌಜಿನ ಹಿನ್ನೆಲೆಯ ಈ ಚಿತ್ರದಲ್ಲಿ ಸಿ. ರಾಮಚಂದ್ರರು ಪಾಶ್ಚಾತ್ಯ ನೃತ್ಯಲಯಕ್ಕೆ ಕಟ್ಟಿದ ಹಾಡನ್ನು ನಳಿನಿ ಜಯವಂತ ಅವರಿಗಾಗಿ ಲತಾ, ಕುಲದೀಪ್ ಕೌರ್ ಅವರಿಗಾಗಿ ಅಮೀರಬಾಯಿ ಹಾಡಿದರು. ನಾಯಕಿಯ ದನಿ ಲತಾ ಅವರದು. ಜೊತೆಗಾತಿಯ ದನಿ ಅಮೀರಬಾಯಿಯವರದು. ಚುರುಕಾದ ಲಯದಲ್ಲಿ ಹಿರಿಯ ಗಾಯಕಿ ಎಲ್ಲಿಯೂ ಹಿಂದೆ ಬೀಳುವುದಿಲ್ಲ. ಅತ್ಯಂತ ಜನಪ್ರಿಯವಾದ ಆ ಗೀತೆ ಅವರ ಗಾಯನ ಜೀವನದ ಕೊನೆಯ ದೊಡ್ಡ ಯಶಸ್ಸೂ ಆಯಿತು.

ಹಾಡಿನ ಅವಕಾಶಗಳು ಕಡಿಮೆಯಾದಂತೆ ಅಮೀರಬಾಯಿ ಮತ್ತೆ ನಟನೆಗೆ ಮರಳಿ ಪೋಷಕ ಪಾತ್ರಗಳನ್ನು ವಹಿಸತೊಡಗಿದರು. ನಟಿಯಾಗಿ ಆರಂಭಿಸಿ, ಗಾಯಕಿಯಾಗಿ ಶಿಖರ ಕಂಡು, ಮತ್ತೆ ಸಣ್ಣ ಪಾತ್ರಗಳ ನಟಿಯಾಗಿ ಮುಂದುವರಿದದ್ದರಲ್ಲಿ ಸೋಲಿನ ಕಥೆಯನ್ನು ಮಾತ್ರ ಕಾಣಬೇಕಾಗಿಲ್ಲ. ಜೊಹ್ರಾಬಾಯಿ ಚಿತ್ರರಂಗವನ್ನೇ ತೊರೆದರು. ಶಾಂತಾ ಹುಬಳೀಕರ ಬಡತನದಲ್ಲಿ ಮರೆಯಾಗಿ ವೃದ್ಧಾಶ್ರಮ ಸೇರಿದರು. ಅಮೀರಬಾಯಿ ಕೆಲಸವನ್ನು ಬಿಡಲಿಲ್ಲ, ಗಳಿಸಿದ್ದನ್ನು ಪೂರ್ತಿ ಕಳೆದುಕೊಳ್ಳಲೂ ಇಲ್ಲ. ವಿಜಾಪುರದಲ್ಲಿ ಅವರ ಹೆಸರಿನ ಅಮೀರ್ ಟಾಕೀಸ್ ತಲೆಯೆತ್ತಿತು. ಮುಂಬಯಿಯ ತಟ್ಟೆಗಳ ಮೇಲೆ ಅಚ್ಚಾಗದೆ ಹೋದ ಹೆಸರು ತವರು ಜಿಲ್ಲೆಯ ಚಿತ್ರಮಂದಿರದ ನೆತ್ತಿಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಕಾಣಿಸಿತು.

ಅಕ್ಕ ಗೋಹರಬಾಯಿಯವರ ದಾರಿ ಬೇರೆಯಾಗಿತ್ತು. 1938ರಲ್ಲಿ ಅವರು ಮರಾಠಿ ರಂಗಭೂಮಿಯ ಆರಾಧ್ಯ ನಟ ಬಾಲಗಂಧರ್ವರ ನಾಟಕ ಮಂಡಳಿ ಸೇರಿದರು. ಸ್ತ್ರೀಪಾತ್ರಗಳಿಂದ ಮಹಾರಾಷ್ಟ್ರವನ್ನು ಮರುಳುಗೊಳಿಸಿದ್ದ ನಟನ ವಯಸ್ಸು ಇಳಿಮುಖವಾದಾಗ, ಅವರದೇ ಗಾಯನಶೈಲಿಯನ್ನು ಮೈಗೂಡಿಸಿಕೊಂಡ ಬೀಳಗಿಯ ಈ ಹೆಣ್ಣು ಆ ಪಾತ್ರಗಳನ್ನು ವಹಿಸಿಕೊಂಡರು. ಹೆಣ್ಣಿನ ಅನುಕರಣೆಯಲ್ಲಿ ಪರಮಾವಧಿ ಮುಟ್ಟಿದ ಗಂಡಸನ್ನು ಅನುಕರಿಸಿ ಹೆಣ್ಣೊಬ್ಬಳು ಹೆಣ್ಣಿನ ಪಾತ್ರ ಮಾಡಬೇಕಾದ ಸನ್ನಿವೇಶ ರಂಗಭೂಮಿಯ ಇತಿಹಾಸದಲ್ಲಿಯೇ ಅಪರೂಪ. ಮರಾಠಿ ಪ್ರೇಕ್ಷಕರಲ್ಲಿ ಅನೇಕರು ಗೋಹರಬಾಯಿಯವರನ್ನು ಒಪ್ಪಿಕೊಳ್ಳಲಿಲ್ಲ. ಬಾಲಗಂಧರ್ವರ ಅವನತಿಗೆ ಅವರನ್ನೇ ಹೊಣೆಯಾಗಿಸಿದವರೂ ಇದ್ದರು. ಅವರ ಮತ, ಅವರ ಹಿನ್ನೆಲೆ ಈ ಕಹಿಗೆ ಕಾರಣವಾಗಿದ್ದವು. 1951ರಲ್ಲಿ ಇಬ್ಬರೂ ವಿವಾಹವಾದರು. ಸಾಲ, ರೋಗ ಮತ್ತು ಜನರ ಉಪೇಕ್ಷೆಯ ಆ ವರ್ಷಗಳಲ್ಲಿ ಅವರನ್ನು ನೋಡಿಕೊಂಡವರು ಗೋಹರಬಾಯಿಯೇ. ಅವರು 1964ರಲ್ಲಿ ತೀರಿಕೊಂಡರು. ಅದೇ ವರ್ಷ ಬಾಲಗಂಧರ್ವರಿಗೆ ಪದ್ಮಭೂಷಣ ಪ್ರಶಸ್ತಿ ಬಂದಿತು. ಅವರು 1967ರವರೆಗೆ ಬದುಕಿದ್ದರು.

ಅಕ್ಕನ ಸಾವಿನ ಬೆನ್ನಿಗೇ ತಂಗಿಯ ಸರದಿ ಬಂದಿತು. ಪಾರ್ಶ್ವವಾಯುವಿಗೆ ತುತ್ತಾದ ಅಮೀರಬಾಯಿ ನಾಲ್ಕು ದಿನ ಮಾತ್ರ ಬದುಕಿದ್ದು 1965ರ ಮಾರ್ಚ್ ತಿಂಗಳಲ್ಲಿ ನಿಧನರಾದರು. ದಫನ ನಡೆದದ್ದು ವಿಜಾಪುರದಲ್ಲಿ. ಅವರು ಊರು ಬಿಟ್ಟಾಗ ಆ ನಗರ ಮುಂಬಯಿ ಪ್ರಾಂತ್ಯದ ಒಂದು ಜಿಲ್ಲಾಕೇಂದ್ರವಾಗಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತ್ತು. ಮುಂಬಯಿಯಿಂದ ಬರುವವರು ಈಗ ಒಂದು ರಾಜ್ಯದ ಗಡಿ ದಾಟಿ ಬರಬೇಕಾಗಿತ್ತು. ಆ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಡಲು ಇನ್ನೂ ಎಂಟು ವರ್ಷಗಳಿದ್ದವು.